ಅಕ್ಕನ ಮಗಳಿಗೆ ಬಿಎಸ್ಸಿ ಅಗ್ರಿ: ಜಿಕೆವಿಕೆನಾ, ಧಾರವಾಡನಾ? ಆಪ್ಶನ್ ಎಂಟ್ರಿಗೆ ಇನ್ನು ಒಂದೇ ವಾರ

ಬೇಲೂರು_ಮಾವ
ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳು ಈ ಸಲ ಪಿಯುಸಿ ಮುಗಿಸಿದಾಳೆ. ಹಾಸನದಲ್ಲಿ ಹಾಸ್ಟೆಲ್ಲಲ್ಲಿದ್ದು ಓದಿದ್ದು. ಸಿಇಟಿಲಿ ಅಗ್ರಿಗೆ ಒಳ್ಳೆ ರ‍್ಯಾಂಕ್ ಬಂದಿದೆ, ಕೃಷಿಕರ ಕೋಟಾದ ಪ್ರಾಕ್ಟಿಕಲ್ಲೂ ಚೆನ್ನಾಗಿ ಮಾಡಿದಾಳೆ. ಹೋದ ವರ್ಷದ ಕಟಾಫ್ ನೋಡಿದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಎರಡರಲ್ಲೂ ಸೀಟು ಸಿಗೋ ಹಾಗಿದೆ. ಬೇಕಾದ ಕಾಲೇಜುಗಳನ್ನ ಕ್ರಮವಾಗಿ ತುಂಬೋ ಆಪ್ಶನ್ ಎಂಟ್ರಿಗೆ ಇನ್ನು ಒಂದೇ ವಾರ.

ಭಾವ ಜಿಕೆವಿಕೆಗೇ ಹೋಗ್ಲಿ ಅಂತಾರೆ. ಅವರ ತಮ್ಮನ ಮನೆ ವಿದ್ಯಾರಣ್ಯಪುರದಲ್ಲಿದೆ, ಕ್ಯಾಂಪಸ್ಸಿಗೆ ಹತ್ತಿರ. ಮಗು ನಮ್ಮವರ ಕಣ್ಣಳತೇಲಿ ಇರುತ್ತೆ ಅನ್ನೋದು ಅವರ ಮಾತು. ಹುಡುಗಿ ಮಾತ್ರ ಧಾರವಾಡ ಅಂತ ಹಟ ಹಿಡಿದಿದಾಳೆ. ಯಾಕಮ್ಮಾ ಅಂದ್ರೆ "ಅಲ್ಲಿ ಚೆನ್ನಾಗಿದೆ" ಅಂತಾಳೆ, ಅದರಿಂದಾಚೆ ಬಾಯಿ ಬಿಡಲ್ಲ. ಮನೇಲಿ ಹತ್ತು ದಿನದಿಂದ ಅಪ್ಪ ಮಗಳು ಮುಖ ಕೊಟ್ಟು ಮಾತಾಡಿಲ್ಲ. ಅಕ್ಕ ಫೋನ್ ಮಾಡಿ ಅತ್ತಳು.

ಹುಡುಗಿಗೆ ಹುಳದ ಮೇಲೆ ಬಹಳ ಆಸಕ್ತಿ. ಅವರದ್ದು 5 ಎಕರೆ ಅರೇಬಿಕಾ ತೋಟ. ಭಾವ ಕಾಂಡ ಕೊರೆಯೋ ಬೋರರ್ ಹುಳ ಹಿಡಿದ ಗಿಡ ಕಿತ್ತು ಸುಡೋಕೆ ಅಂತ ರಾಶಿ ಹಾಕಿದ್ರೆ ಇವಳು ಅದರಲ್ಲೊಂದು ಕಾಂಡ ತಂದು ಜಗಲಿ ಮೇಲೆ ಕೂತು ಮಚ್ಚಲ್ಲಿ ಉದ್ದಕ್ಕೆ ಸೀಳಿದಳು. ಒಳಗೆಲ್ಲ ಹಿಟ್ಟು ತುಂಬಿದ ಸುರಂಗ, ತುದೀಲಿ ಕೆನೆ ಬಣ್ಣದ ಹುಳ. ಅದನ್ನ ಬೆಂಕಿಪೊಟ್ಟಣಕ್ಕೆ ಹಾಕ್ಕೊಂಡು, ಸ್ಕೇಲಲ್ಲಿ ಅಳೆದು ನೋಟ್‌ಬುಕ್ಕಲ್ಲಿ ಬರ್ಕೊಂಡಳು. ಅಂಥಾ ಹುಡುಗಿ. ತಪ್ಪು ಜಾಗಕ್ಕೆ ಕಳಿಸಿಬಿಟ್ರೆ ಅನ್ನೋ ಭಯ ನನಗೆ.

ಎರಡೂ ಕಡೆ ಓದಿದವರು, ಮಕ್ಕಳನ್ನ ಓದಿಸಿದವರು ದಯವಿಟ್ಟು ಹೇಳಿ.

ಆಲೂರು_ರಾಗಿ
ಜಿಕೆವಿಕೆ. ಯೋಚನೆ ಮಾಡೋ ಮಾತೇ ಇಲ್ಲ.

ಮೆಣಸಿನ_ಬಳ್ಳಿ
ಯಾಕೆ ಅಂತ ಹೇಳಿ ಸ್ವಾಮಿ. ಬೆಂಗಳೂರು ಅನ್ನೋ ಒಂದೇ ಕಾರಣಕ್ಕಾ?

ಹೆಬ್ಬಾಳದ_ಹಳಬ
ನಾನು ಜಿಕೆವಿಕೆಲಿ ಬಿಎಸ್ಸಿ, ಎಂಎಸ್ಸಿ ಎರಡೂ ಮಾಡಿದವನು, ಊರು ಹೊಳೆನರಸೀಪುರ. ಹುಡುಗಿಗೆ ಹುಳದ ಆಸಕ್ತಿ ಇದ್ರೆ ಜಿಕೆವಿಕೆಯ ಕೀಟಶಾಸ್ತ್ರ ವಿಭಾಗ ಬಿಟ್ಟು ಬೇರೆ ಕಡೆ ನೋಡಬೇಡಿ. ಅದರ ಬೇರು ಬಹಳ ಹಳೇದು. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆ ಜಾಗದಲ್ಲಿ ಪ್ರಯೋಗದ ತಾಕು ಶುರುವಾಯ್ತು. 1908ರಲ್ಲಿ ಕೆನಡಾದಿಂದ ಕೋಲ್ಮನ್ ಅನ್ನೋರು ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದ್ರು. ನಮ್ಮ ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದನ್ನ ರೂಢಿಗೆ ತಂದವರು ಅವರೇ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೂ ಅವರ ಕಾಲದಲ್ಲೇ. ಇವತ್ತು ಬಿಳಿ ಕಾಂಡಕೊರಕದ ಮೇಲೆ ಕೆಲಸ ಮಾಡೋರು ಅಲ್ಲಿದಾರೆ. ಆ ಬೆಂಕಿಪೊಟ್ಟಣದ ಹುಳದ ದಾರಿ ಹಿಡಿದು ಹೋದ್ರೆ ಹೆಬ್ಬಾಳಕ್ಕೂ ಬಾಳೆಹೊನ್ನೂರಿಗೂ ಮುಟ್ತೀರಿ.

ಪ್ಯಾಟಿ_ಧಾರವಾಡ
ಅಲ್ರೀ ಅಣ್ಣಾರ, ಹಂಗ ನೋಡಿದ್ರ ನಮ್ಮ ಯತ್ತಿನಗುಡ್ಡದ ಕಾಲೇಜು 1947ರಾಗ ಶುರು ಆಗೇತಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದು 1964ರಾಗ. ಆಮ್ಯಾಲ ನಮ್ಮ ಕಾಲೇಜನ್ನೂ ಅದರೊಳಗ ಸೇರಿಸಿದ್ರು, 1986ರಾಗ ಬ್ಯಾರೆ ಮಾಡಿದ್ರು. ಒಂದ ಮನಿ ಮಕ್ಕಳು ನಾವು. ಯಾಕ ಜಗಳ? ವರಲಕ್ಷ್ಮಿ ಹತ್ತಿ ಕೇಳೀರಿಲ್ರಿ? ಕಟರಕಿ ಸಾಹೇಬ್ರು 1972ರಾಗ ಕೊಟ್ಟದ್ದು. ಆಮ್ಯಾಲ ಜಯಲಕ್ಷ್ಮಿ ಹತ್ತಿ. ಹತ್ತಿ ಅಂದ ಮ್ಯಾಲೆ ಹುಳ ಬಿಡತೈತೇನ್ರಿ? ಹತ್ತಿ ಹೊಲದಾಗ ಇರೋ ಅಷ್ಟು ಹುಳ ನಿಮ್ಮ ಕಾಫಿ ತೋಟದಾಗ ಇರಂಗಿಲ್ಲ. ಹುಡುಗಿ ಮನಸ ಮಾಡಿದ್ರ ಕಳಸ್ರಿ, ನಾವು ಅದೀವಿ.

ಹೆಬ್ಬಾಳದ_ಹಳಬ
ನಿಮ್ಮ ಕಾಲೇಜು ಕಮ್ಮಿ ಅಂತ ನಾನು ಹೇಳಲಿಲ್ಲವಲ್ಲ. ಕಾಫಿ ಹುಳ ನೋಡ್ತಾ ಬೆಳೆದ ಹುಡುಗಿ, ಕಾಫಿ ನಾಡಿಗೆ ಹತ್ತಿರ ಇರಲಿ ಅಂದೆ.

ಪ್ಯಾಟಿ_ಧಾರವಾಡ
ಬೆಂಗಳೂರಾಗ ಎಲ್ಲೈತ್ರೀ ಕಾಫಿ ತೋಟ?

ಕಾರೇಕೆರೆ_ಪಕ್ಕದ_ಮನೆ
ಇಬ್ಬರೂ ಸುಮ್ನೆ ಜಗಳ ಆಡ್ತಿದೀರಿ. ನಮ್ಮ ಹಾಸನದ ಕಾರೇಕೆರೆಲೇ ಕೃಷಿ ಕಾಲೇಜಿದೆ. ಮನೆಗೆ ಹತ್ತಿರ. ಶನಿವಾರ ಮಧ್ಯಾಹ್ನ ಬಸ್ ಹತ್ತಿದ್ರೆ ಸಂಜೆ ಕಾಫಿಗೆ ಬೇಲೂರಲ್ಲಿರ್ತಾಳೆ. ಯಾಕೆ ದೂರ?

ಗಿರಿ_ಮಲ್ಲಿಗೆ
ಹಾಗೆ ನೋಡಿದ್ರೆ ಮೂಡಿಗೆರೆ ತೋಟಗಾರಿಕೆ ಕಾಲೇಜು ಇನ್ನೂ ಸರಿ. ಕಾಫಿ, ಮೆಣಸು, ಏಲಕ್ಕಿ ಎಲ್ಲ ಕಣ್ಣೆದುರೇ. ನಮ್ಮ ಚಿಕ್ಕಮಗಳೂರು ಕಡೆಯವರು ಅದನ್ನೇ ಮರೆತುಬಿಡ್ತಾರೆ.

ಬೇಲೂರು_ಮಾವ
ಎರಡೂ ಪಟ್ಟಿಯಲ್ಲಿ ಇರ್ತವೆ, ಮೂರು ನಾಲ್ಕನೇದಾಗಿ. ಆದ್ರೆ ಅವಳಿಗೆ ಅಗ್ರೀನೇ ಬೇಕು, ತೋಟಗಾರಿಕೆ ಅಲ್ಲ. ಹಾಸನ ಅಂದ್ರೆ "ಎರಡು ವರ್ಷ ಇದ್ದಾಯ್ತು ಮಾವ" ಅಂತಾಳೆ.

ಪಾಠ_ಮೇಷ್ಟ್ರು
ಒಂದು ವಿಷಯ ಯಾರೂ ಹೇಳಲಿಲ್ಲ. ಬಿಎಸ್ಸಿ ಅಗ್ರಿಯ ಪಠ್ಯ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಡೀನ್‌ಗಳ ಸಮಿತಿ ಇಡೀ ದೇಶಕ್ಕೆ ರೂಪಿಸಿಕೊಟ್ಟಿದ್ದು. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಜಿಕೆವಿಕೆ ಆಗ್ಲಿ, ಧಾರವಾಡ ಆಗ್ಲಿ, ಕಾರೇಕೆರೆ ಆಗ್ಲಿ, ಓದೋ ವಿಷಯ ಹೆಚ್ಚುಕಮ್ಮಿ ಒಂದೇ. ಕೊನೇ ವರ್ಷ ಎಲ್ಲರೂ ಹಳ್ಳಿಯಲ್ಲಿ ಬಿಡಾರ ಹೂಡಿ ರೈತರ ಜೊತೆ ಕೆಲಸ ಮಾಡಲೇಬೇಕು. ಮುಂದೆ ಎಂಎಸ್ಸಿಗೆ ಐಸಿಎಆರ್ ಪರೀಕ್ಷೆ ಬರೆದ್ರೆ ದೇಶದ ಯಾವ ಕೃಷಿ ವಿಶ್ವವಿದ್ಯಾಲಯಕ್ಕಾದ್ರೂ ಹೋಗಬಹುದು. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೆ ಐಬಿಪಿಎಸ್, ಇಲಾಖೆಯ ಕೃಷಿ ಅಧಿಕಾರಿ ಹುದ್ದೆಗೆ ಕೆಪಿಎಸ್‌ಸಿ. ಅಲ್ಲಿ ಯಾವ ಊರಲ್ಲಿ ಓದಿದೆ ಅಂತ ಅಂಕ ಕೊಡಲ್ಲ.

ಹಾಗಾಗಿ ಕಾಲೇಜಿನ ಹೆಸರು ಹಿಡಿದು ಕಾದಾಡಬೇಡಿ. ಗ್ರಂಥಾಲಯ, ಪ್ರಯೋಗಾಲಯ, ಹಿರಿಯ ವಿದ್ಯಾರ್ಥಿಗಳ ಸಹವಾಸ, ಹಾಸ್ಟೆಲ್, ಅವಳ ಮನಸ್ಸಿನ ನೆಮ್ಮದಿ ನೋಡಿ.

ಆಲೂರು_ರಾಗಿ
ಪಠ್ಯ ಒಂದೇ ಆದ್ರೂ ಪಾಠ ಒಂದೇ ಅಲ್ಲ ಮೇಷ್ಟ್ರೇ. ಬೆಂಗಳೂರಲ್ಲಿ ಬೀಜದ ಕಂಪನಿಗಳು, ಸಂಶೋಧನಾ ಸಂಸ್ಥೆಗಳು ಎಷ್ಟಿವೆ! ನಾವು ಹೊಲಕ್ಕೆ ಹಾಕೋ ಜಿಪಿಯು-28 ರಾಗಿ ಬಂದಿದ್ದೂ ಜಿಕೆವಿಕೆಯಿಂದಾನೇ.

ಶಾಂತಿಗ್ರಾಮ_ಅಪ್ಪ
ಆಪ್ಶನ್ ಎಂಟ್ರಿ ಬಗ್ಗೆ ಒಂದು ಎಚ್ಚರಿಕೆ. ನನ್ನ ಮಗನಿಗಾದದ್ದು ಬೇರೆಯವರ ಮಕ್ಕಳಿಗೆ ಆಗಬಾರದು. ಹೋದ ಸಲ ಒಂದು ಸೈಬರ್ ಸೆಂಟರ್‌ನಲ್ಲಿ ಕೂತು ತುಂಬಿಸಿದ್ವಿ. ಅಲ್ಲಿನ ಹುಡುಗ "ಇದು ನಿಮ್ಮ ರ‍್ಯಾಂಕಿಗೆ ಸಿಗಲ್ಲ, ಮೇಲೆ ಹಾಕಿ ಯಾಕೆ ವೇಸ್ಟ್ ಮಾಡ್ತೀರಿ" ಅಂತ ನನ್ನ ಮಗನ ಮೊದಲ ಆಸೇನ ಆರನೇದಕ್ಕೆ ಇಳಿಸಿದ. ನಾನೂ ಹೂಂ ಅಂದೆ. ಕೊನೆಗೆ ಮೇಲೆ ಹಾಕಿದ್ದು ಸಿಕ್ತು. ನಮಗಿಂತ ಹಿಂದಿನ ರ‍್ಯಾಂಕಿನವರಿಗೆ ಆ ಕಾಲೇಜು ಸಿಕ್ಕಿದ್ದು ಆಮೇಲೆ ಗೊತ್ತಾಯ್ತು. ಮಗ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ಅದೇ ಇವತ್ತಿಗೂ ಹೊಟ್ಟೇಲಿ ಸಂಕಟ.

ಮೆಣಸಿನ_ಬಳ್ಳಿ
ಆದ್ರೆ ಸಿಗದೇ ಇರೋದನ್ನ ಮೇಲೆ ಹಾಕಿದ್ರೆ ಕೆಳಗಿನದೂ ಕೈತಪ್ಪಲ್ವಾ?

ಪಾಠ_ಮೇಷ್ಟ್ರು
ತಪ್ಪಲ್ಲ. ಬಹಳ ಜನ ಇಲ್ಲೇ ಎಡವೋದು. ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರ (ಕೆಇಎ) ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನ ಮೇಲಿಂದ ಕೆಳಗೆ ನೋಡ್ಕೊಂಡು ಬರುತ್ತೆ, ಖಾಲಿ ಇರೋ ಮೊದಲನೇದನ್ನ ಕೊಡುತ್ತೆ. ಒಂದನೇದು ಸಿಗದಿದ್ರೆ ಎರಡನೇದಕ್ಕೆ ಬರುತ್ತೆ, ಅದರಿಂದ ನಷ್ಟ ಏನೂ ಇಲ್ಲ. ಆದ್ರೆ ಮೇಲಿನದು ಸಿಕ್ಕಿಬಿಟ್ರೆ ಕೆಳಗಿನದನ್ನ ನೋಡೋದೇ ಇಲ್ಲ. ಹಾಗಾಗಿ ನಿಜವಾದ ಆಸೆ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಹಾಕಿ. ನಿಜವಾದ ಹಂಚಿಕೆಗೆ ಮುಂಚೆ ಬರೋ ಅಣಕು ಹಂಚಿಕೆ ನೋಡಿದ ಮೇಲೆ ಕ್ರಮ ಬದಲಿಸೋಕೆ ಅವಕಾಶ ಇರುತ್ತೆ. ಸೀಟು ಹಂಚಿದ ಮೇಲೆ ನಾಲ್ಕು ಚಾಯ್ಸ್: 1 ಅಂದ್ರೆ ಒಪ್ಪಿ ಸೇರ್ಕೊಳ್ಳೋದು, 2 ಅಂದ್ರೆ ಇದನ್ನ ಕೈಲಿಟ್ಕೊಂಡು ಮುಂದಿನ ಸುತ್ತಿಗೆ ಕಾಯೋದು, 3 ಅಂದ್ರೆ ಇದು ಬೇಡ, ಮುಂದಿನ ಸುತ್ತು ನೋಡ್ತೀನಿ ಅನ್ನೋದು, 4 ಅಂದ್ರೆ ಪೂರ್ತಿ ಹೊರಗೆ. ಅವಸರದಲ್ಲಿ 3 ಒತ್ತಿ ಇದ್ದದ್ದನ್ನೂ ಕಳ್ಕೊಂಡವರಿದಾರೆ.

ಶಾಂತಿಗ್ರಾಮ_ಅಪ್ಪ
ಈ ಮಾತು ನಂಗೆ ಹೋದ ವರ್ಷ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು.

ಅರಸೀಕೆರೆ_ಹುಡುಗಿ
ನಾನು ಅರಸೀಕೆರೆಯವಳು, ಧಾರವಾಡದಲ್ಲಿ ಓದಿದೀನಿ. ಅಣ್ಣ, ದೂರ ಅಂತ ಹೆದರಬೇಡಿ. ಬೇಲೂರಿಂದ ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆಗೆ ಬಂದ್ರೆ ಹುಬ್ಬಳ್ಳಿ ಲೈನು ಸಿಗುತ್ತೆ. ರಾತ್ರಿ ಗಾಡಿ ಅರಸೀಕೆರೆಗೆ ಬರೋದು ನಡುರಾತ್ರಿ ಕಳೆದ ಮೇಲೆ, ಮೊದಮೊದಲು ಅಪ್ಪ ಪ್ಲಾಟ್‌ಫಾರ್ಮಲ್ಲಿ ನನ್ನ ಜೊತೆ ಕೂತಿರೋರು. ಆಮೇಲೆ ಹಗಲಿನ ಜನಶತಾಬ್ದಿ ಹಿಡಿಯೋಕೆ ಶುರು ಮಾಡಿದೆ. ಹುಬ್ಬಳ್ಳೀಲಿ ಇಳಿದು ಚಿಗರಿ ಬಸ್ಸು ಹತ್ತಿದ್ರೆ ಧಾರವಾಡ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ.

ನಂಗೆ ಕಷ್ಟ ಆಗಿದ್ದು ಎರಡೇ. ಒಂದು ಎರೆಮಣ್ಣು. ಮಳೆ ಬಂದ ಮಾರನೇ ದಿನ ತಾಕಿಗೆ ಇಳಿದ್ರೆ ಚಪ್ಪಲಿ ಅಡಿಗೆ ಮಣ್ಣು ಅಂಟಿ ಅಂಟಿ ಕಾಲು ಎತ್ತೋಕಾಗದಷ್ಟು ಭಾರ. ನಮ್ಮ ಕಡೆ ಕೆಂಪುಮಣ್ಣಲ್ಲಿ ನಡೆದವಳಿಗೆ ಅದು ಗೊತ್ತಿರಲಿಲ್ಲ. ಚಪ್ಪಲಿ ಕೈಲಿ ಹಿಡ್ಕೊಂಡು ಬರಿಗಾಲಲ್ಲಿ ನಿಂತೇ ಪ್ರಾಕ್ಟಿಕಲ್ ಮುಗಿಸಿದ್ದೆ. ಇನ್ನೊಂದು ಊಟ. ಮುದ್ದೆ ಇಲ್ಲದೆ ಒಂದು ತಿಂಗಳು ಹೊಟ್ಟೆ ತುಂಬಿದ ಹಾಗೇ ಆಗ್ತಿರಲಿಲ್ಲ. ಈಗ ಎಣ್ಣೆಗಾಯಿ, ಜೋಳದ ರೊಟ್ಟಿ ಇಲ್ಲಿ ಸಿಗಲ್ಲ ಅಂತ ಬೇಜಾರು.

ಪ್ಯಾಟಿ_ಧಾರವಾಡ
ಬಾರವಾ ತಂಗಿ, ಯಾವಾಗ ಬೇಕಾದ್ರ ಬಾ. ರೊಟ್ಟಿ ಬಡದ ಹಾಕತೇವಿ.

ಆಲೂಗಡ್ಡೆ_ರೈತ
ವಿಷಯ ಬೇರೆ, ಕ್ಷಮಿಸಿ. ಇಷ್ಟು ಜನ ಅಗ್ರಿ ಓದಿದವರು ಇಲ್ಲಿದೀರಿ. ನಮ್ಮ ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಂದು ಎಷ್ಟು ಮನೆ ಹಾಳಾದ್ವು. ಇವತ್ತಿಗೂ ಬಿತ್ತನೆ ಗಡ್ಡೆ ಜಲಂಧರದಿಂದ ಬರಬೇಕು. ಆ ಹುಡುಗಿಗೆ ಹೇಳಿ, ಎಲ್ಲೇ ಓದಲಿ, ಓದಿ ಈ ಕಡೆ ಬರಲಿ.

ಕಾರೇಕೆರೆ_ಪಕ್ಕದ_ಮನೆ
ನಿಮ್ಮ ಕಡೆ ಈ ಸಲ ಎಷ್ಟು ಎಕರೆ ಹಾಕಿದೀರಿ? ನಮ್ಮೂರಲ್ಲಿ ಅರ್ಧಕ್ಕರ್ಧ ಜೋಳಕ್ಕೆ ಹೋಗಿದೆ.

ಆಲೂಗಡ್ಡೆ_ರೈತ
ನಾನು ಒಂದೂವರೆ ಎಕರೆ ಅಷ್ಟೆ. ಉಳಿದದ್ದು ಶುಂಠಿ.

ಸಕಲೇಶಪುರ_ಅಮ್ಮ
ಎಲ್ಲರ ಮಾತೂ ಓದಿದೆ. ಬೇಲೂರಿನ ತಮ್ಮ, ಒಂದು ಕೇಳ್ತೀನಿ, ತಪ್ಪು ತಿಳೀಬೇಡ. ಹುಡುಗಿಗೆ ಬೇಡದ್ದು ಜಿಕೆವಿಕೆನಾ, ಇಲ್ಲಾ ಚಿಕ್ಕಪ್ಪನ ಮನೆನಾ?

ನಾನು ಡಿಗ್ರಿ ಓದಿದ್ದು ಮೈಸೂರಲ್ಲಿ, ದೊಡ್ಡಮ್ಮನ ಮನೇಲಿದ್ದು. ದೊಡ್ಡಮ್ಮ ಒಳ್ಳೆಯವರೇ, ಒಂದು ದಿನವೂ ಬೈದವರಲ್ಲ. ಆದ್ರೂ ರಾತ್ರಿ ಒಂಬತ್ತೂವರೆಗೆ ನಡುಮನೆ ಲೈಟು ಆರಿಸೋರು, ನಾನು ಅಡುಗೆಮನೆ ಹೊಸ್ತಿಲ ಹತ್ತಿರ ಕೂತು ಓದ್ತಿದ್ದೆ. ಇನ್ನೊಂದು ತುತ್ತು ಬೇಕು ಅಂತ ಕೇಳೋಕೆ ನಾಲಿಗೆ ಏಳ್ತಿರಲಿಲ್ಲ. ಪರೀಕ್ಷೆ ಹಿಂದಿನ ದಿನ ಮನೆಗೆ ನೆಂಟರು ಬಂದ್ರೆ ಪಾತ್ರೆ ತೊಳೆಯೋಕೆ ಏಳಲೇಬೇಕು. ಹೇಳಿದವರು ಯಾರೂ ಇಲ್ಲ, ನಾನೇ ಏಳ್ತಿದ್ದೆ. ಮೂರು ವರ್ಷ ಅಪ್ಪನಿಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ರೆ ಅಕ್ಕ ತಂಗಿ ನಡುವೆ ಕಹಿ ಆಗುತ್ತೆ ಅಂತ ಭಯ. ನಿಮ್ಮ ಹುಡುಗಿ "ಅಲ್ಲಿ ಚೆನ್ನಾಗಿದೆ" ಅಂತ ಹೇಳಿ ಬಾಯಿ ಮುಚ್ಚೋದು ನೋಡಿದ್ರೆ ನಂಗೆ ನನ್ನ ನೆನಪಾಯ್ತು.

ಗಿರಿ_ಮಲ್ಲಿಗೆ
ಅಯ್ಯೋ, ಇದು ನಿಜ. ಅಕ್ಕಾ, ನಮ್ಮನೇಲೂ ಇದೇ ಕಥೆ.

ಶಾಂತಿಗ್ರಾಮ_ಅಪ್ಪ
ಹಾಗಂತ ಸ್ವಂತ ಚಿಕ್ಕಪ್ಪನ ಮನೆ ಇಟ್ಕೊಂಡು ಹಾಸ್ಟೆಲ್ಲಿಗೆ ಹಾಕಿದ್ರೆ ಆ ತಮ್ಮ ಏನಂದ್ಕೊಳ್ಳಲ್ಲ? ನಾಳೆ ಅವರ ಮನೆ ಶುಭಕಾರ್ಯಕ್ಕೆ ಮುಖ ಎತ್ಕೊಂಡು ಹೇಗೆ ಹೋಗ್ತಾರೆ? ಹೆಣ್ಣುಮಗು ಬೇರೆ.

ಸಕಲೇಶಪುರ_ಅಮ್ಮ
ಹೆಣ್ಣುಮಗು ಅಂತಾನೇ ನಾನು ಹೇಳ್ತಿರೋದು. ಗಂಡುಮಗ ನೆಂಟರ ಮನೇಲಿದ್ರೆ ಕೈಗೆ ತಟ್ಟೆ ಬರುತ್ತೆ. ಹೆಣ್ಣುಮಗು ಇದ್ರೆ ಕೈಗೆ ಪೊರಕೆ ಬರುತ್ತೆ. ಯಾರೂ ಕೆಟ್ಟವರಲ್ಲ, ನಡ್ಕೊಂಡು ಬಂದದ್ದು ಹಾಗೆ. ಕ್ಯಾಂಪಸ್ ಒಳಗೇ ಹೆಣ್ಣುಮಕ್ಕಳ ಹಾಸ್ಟೆಲ್ ಇರುವಾಗ ಏನು ಭಯ?

ಹೆಬ್ಬಾಳದ_ಹಳಬ
ಅಮ್ಮ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಅಗ್ರಿ ಓದೋರು ಹಾಸ್ಟೆಲ್ಲಲ್ಲೇ ಇರಬೇಕು. ಬೆಳಿಗ್ಗೆ ಬೇಗ ತಾಕಿನ ಕೆಲಸ, ಸಂಜೆ ಕೀಟ ಹಿಡಿಯೋ ಬಲೆ ಹಿಡ್ಕೊಂಡು ಓಡಾಟ, ರಾತ್ರಿ ಹುಳಗಳನ್ನ ಪಿನ್ ಹಾಕಿ ಪೆಟ್ಟಿಗೇಲಿ ಜೋಡಿಸೋದು. ಕೀಟಶಾಸ್ತ್ರದ ಪ್ರಾಕ್ಟಿಕಲ್‌ಗೆ ಹುಳಗಳ ಸಂಗ್ರಹ ಕೊಡಬೇಕು, ಆ ಪೆಟ್ಟಿಗೆಯಿಂದ ನುಸಿಗುಳಿಗೆ ವಾಸನೆ ರೂಮೆಲ್ಲ ಹರಡುತ್ತೆ. ಯಾವ ಚಿಕ್ಕಮ್ಮ ಇದನ್ನ ಮನೇಲಿ ಇಟ್ಕೊಳ್ತಾರೆ ಹೇಳಿ.

ಬೇಲೂರು_ಮಾವ
ಸಕಲೇಶಪುರದಕ್ಕಾ, ನಿಮ್ಮ ಕಾಲಿಗೆ ಬಿದ್ದೆ.

ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಹುಡುಗಿ ಹಿತ್ತಲಲ್ಲಿ ಮೆಣಸಿನ ಸಸಿಗೆ ಕವರ್ ತುಂಬ್ತಿದ್ದಳು. ನಾನೂ ಪಕ್ಕ ಕೂತು ಮಣ್ಣು ತುಂಬೋಕೆ ಶುರು ಮಾಡಿದೆ. ಹತ್ತು ಹನ್ನೆರಡು ಕವರ್ ಆದ ಮೇಲೆ ಮೆಲ್ಲಗೆ ಕೇಳಿದೆ: "ಜಿಕೆವಿಕೆ ಹಾಸ್ಟೆಲ್ಲಲ್ಲಿ ಇರೋದಾದ್ರೆ?" ಕೈ ನಿಂತುಹೋಯ್ತು. ತಲೆ ಎತ್ತಲಿಲ್ಲ. "ಅಪ್ಪ ಒಪ್ಪಲ್ಲ ಮಾವ. ಚಿಕ್ಕಪ್ಪನ ಹತ್ರ ಆಗಲೇ ಮಾತಾಡಿಬಿಟ್ಟಿದಾರೆ" ಅಂದಳು. ಆಮೇಲೆ ಎಲ್ಲ ಹೇಳಿದಳು. ಎಸ್ಸೆಸ್ಸೆಲ್ಸಿ ರಜೇಲಿ ಅಲ್ಲಿ ಒಂದು ತಿಂಗಳಿದ್ದಳಂತೆ. ಯಾರೂ ಏನೂ ಅನ್ನಲಿಲ್ಲ, ಆದ್ರೆ ಅವಳ ಹುಳದ ಡಬ್ಬಿಗಳನ್ನ ಚಿಕ್ಕಮ್ಮ ಗಲೀಜು ಅಂತ ತೆಗೆದು ಎಸೆದ್ರಂತೆ. ಅದನ್ನ ಹೇಳುವಾಗ ಮಾತ್ರ ಕಣ್ಣಲ್ಲಿ ನೀರು.

ನಾವೆಲ್ಲ ಹತ್ತು ದಿನದಿಂದ ಎರಡು ವಿಶ್ವವಿದ್ಯಾಲಯ ತೂಗ್ತಾ ಕೂತಿದ್ವಿ. ಅವಳು ಓಡಿಹೋಗ್ತಿದ್ದದ್ದು ಒಂದು ಮನೆಯಿಂದ.

ಮೆಣಸಿನ_ಬಳ್ಳಿ
ಭಾವನಿಗೆ ಹೇಳಿದ್ರಾ?

ಬೇಲೂರು_ಮಾವ
ಇಲ್ಲ. ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಡಬ್ಬಿ ವಿಷಯ ಹೇಳಿದ್ರೆ ಅಣ್ಣ ತಮ್ಮಂದಿರ ನಡುವೆ ನಾನೇ ಹುಳಿ ಹಿಂಡಿದ ಹಾಗಾಗುತ್ತೆ.

ಸಕಲೇಶಪುರ_ಅಮ್ಮ
ಡಬ್ಬಿ ವಿಷಯ ಎತ್ತಲೇಬೇಡ. ಬೆಳಿಗ್ಗೆ ಬೇಗ ತಾಕಿನ ಕೆಲಸ ಇರುತ್ತಂತೆ, ಹಾಸ್ಟೆಲ್ಲಲ್ಲಿದ್ರೆ ಅನುಕೂಲ, ಭಾನುವಾರ ಚಿಕ್ಕಪ್ಪನ ಮನೆಗೆ ಹೋಗಿ ಬರ್ತಾಳೆ ಅನ್ನು. ಸುಳ್ಳೂ ಅಲ್ಲ, ಯಾರಿಗೂ ನೋವೂ ಇಲ್ಲ. ಆದ್ರೆ ತಮ್ಮನಿಗೆ ಫೋನ್ ಮಾಡಿ ಹೇಳೋದು ಭಾವನೇ ಹೇಳಲಿ, ನೀನಲ್ಲ.

ಪ್ಯಾಟಿ_ಧಾರವಾಡ
ಹಂಗಂದ್ರ ಧಾರವಾಡ ಹೋತು ಅನ್ರಿ.

ಅರಸೀಕೆರೆ_ಹುಡುಗಿ
ಹಾಗೆ ಅಂದ್ಕೋಬೇಡಿ ಅಣ್ಣ, ಅವಳು ಇನ್ನೂ ಏನೂ ಹೇಳಿಲ್ಲ. ಬೇಲೂರು ಅಣ್ಣ, ಒಂದು ಸಲ ಜಿಕೆವಿಕೆ ಕರ್ಕೊಂಡು ಹೋಗಿ ತೋರಿಸಿ. ಕಣ್ಣಲ್ಲಿ ನೋಡದೆ ಯಾವುದನ್ನೂ ಒಂದನೇದಾಗಿ ಹಾಕಿಸಬೇಡಿ.

ಬೇಲೂರು_ಮಾವ
ಮೂರು ದಿನದ ನಂತರ ಬರೀತಿದೀನಿ, ಕೇಳಿದವರಿಗೆಲ್ಲ ಉತ್ತರ ಕೊಡೋಕಾಗಲಿಲ್ಲ.

ನಿನ್ನೆ ಭಾವ, ಅವಳು, ನಾನು ಮೂವರೂ ಬೆಳಿಗ್ಗೆ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿದ್ವಿ. ಬಳ್ಳಾರಿ ರಸ್ತೆಯ ಗದ್ದಲದಿಂದ ಗೇಟು ದಾಟಿ ಒಳಗೆ ಹೋದ್ರೆ ಮರಗಳು, ರಾಗಿ ತಾಕು, ಹಕ್ಕಿ ಸದ್ದು. ಭಾವ "ಇದು ಬೆಂಗಳೂರೇನೋ?" ಅಂದ್ರು. ಕೀಟಶಾಸ್ತ್ರ ವಿಭಾಗದ ಕಾರಿಡಾರಲ್ಲಿ ಒಬ್ಬಳು ಸಂಶೋಧನೆ ಮಾಡೋ ಹುಡುಗಿ ಸಿಕ್ಕಿದಳು. ನಮ್ಮವಳು ನೋಟ್‌ಬುಕ್ ತಗೊಂಡು ಹೋಗಿದ್ದಳು, ನಮಗೆ ಗೊತ್ತೇ ಇರಲಿಲ್ಲ. ಆ ಹುಡುಗಿ ಬಗ್ಗಿ ಪುಟ ತಿರುಗಿಸಿ ನೋಡಿ, "ಸುರಂಗದ ಉದ್ದ ಅಳೆದಿದೀಯಲ್ಲ, ಗಿಡದ ವಯಸ್ಸು ಬರ್ಕೊಂಡಿಲ್ವಾ?" ಅಂತ ಕೇಳಿದಳು. ಇವಳು ತಿರುಗಿ ಭಾವನ ಮುಖ ನೋಡಿದಳು. ಭಾವ ಅಲ್ಲೇ ನಿಂತು "ಅದು ಮೇಲಿನ ಪಟ್ಟೆ, ನಮ್ಮಪ್ಪ ನೆಟ್ಟಿದ್ದು, ಮೂವತ್ತು ವರ್ಷ ದಾಟಿದೆ" ಅಂದ್ರು. ಇವಳು ಬರ್ಕೊಂಡಳು. ಹತ್ತು ದಿನದಲ್ಲಿ ಅಪ್ಪ ಮಗಳು ಆಡಿದ ಮೊದಲ ಮಾತು ಅದು.

ಬರುವಾಗ ಹಾಸ್ಟೆಲ್ ಮುಂದೆ ನಿಂತು ಭಾವ ವಾರ್ಡನ್ ಹತ್ತಿರ ಎಲ್ಲ ವಿಚಾರಿಸಿದ್ರು. ನಾನು ಹೇಳಬೇಕು ಅಂತ ಬಸ್ಸಿಡೀ ಉರು ಹೊಡೆದಿದ್ದ ಮಾತು ಹೇಳೋ ಪ್ರಮೇಯವೇ ಬರಲಿಲ್ಲ. ಕುಣಿಗಲ್ ಹತ್ತಿರ ಬಸ್ ಊಟಕ್ಕೆ ನಿಂತಾಗ ಅವರೇ ತಮ್ಮನಿಗೆ ಫೋನ್ ಮಾಡಿ "ಅವಳು ಹಾಸ್ಟೆಲ್ಲಲ್ಲೇ ಇರ್ತಾಳೆ ಕಣೋ, ಬೆಳಿಗ್ಗೆ ಹೊಲದ ಕೆಲಸ ಇರುತ್ತಂತೆ, ಭಾನುವಾರ ಮನೆಗೆ ಬರ್ತಾಳೆ" ಅಂದ್ರು. ಆ ಕಡೆಯಿಂದ ಏನಂದ್ರೋ ಗೊತ್ತಿಲ್ಲ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೂಂ, ಹೂಂ" ಅಂದು ಇಟ್ರು.

ರಾತ್ರಿ ಮನೇಲೇ ಕೂತು ಅವಳೇ ಆಪ್ಶನ್ ತುಂಬಿದಳು. 1 ಜಿಕೆವಿಕೆ, 2 ಧಾರವಾಡ, 3 ಕಾರೇಕೆರೆ, 4 ಮೂಡಿಗೆರೆ. ನಾವ್ಯಾರೂ ಪಕ್ಕ ಕೂರಲಿಲ್ಲ.

ಶಾಂತಿಗ್ರಾಮ_ಅಪ್ಪ
ತಮ್ಮನಿಗೆ ಬೇಜಾರಾಗೇ ಇರುತ್ತೆ. ಆದ್ರೂ ನಿಮ್ಮ ಭಾವ ಮಾಡಿದ್ದು ಸರಿ. ಈ ಸಲ ಹಾಸನಾಂಬೆ ಬಾಗಿಲು ತೆಗೆದಾಗ ಎರಡು ಮನೆಯವರೂ ಒಟ್ಟಿಗೆ ದರ್ಶನಕ್ಕೆ ಹೋಗಿ ಬನ್ನಿ.

ಪ್ಯಾಟಿ_ಧಾರವಾಡ
ಛಲೋ ಆತು. ಎಂಎಸ್ಸಿಗೆ ನಮ್ಮ ಕಡೆ ಕಳಸ್ರಿ. ಸಪ್ಟೆಂಬರದಾಗ ಕೃಷಿ ಮೇಳ ಇರತೈತಿ, ಎಲ್ಲಾರೂ ಬರ್ರಿ.

ಪಾಠ_ಮೇಷ್ಟ್ರು
ಅಣಕು ಹಂಚಿಕೆ ಬಂದ ದಿನ ಇಲ್ಲಿ ತಿಳಿಸಿ. ಪಹಣಿ, ಕೃಷಿಕ ಕುಟುಂಬದ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಮೂಲ ಪ್ರತಿ ಒಂದೇ ಫೈಲಲ್ಲಿ ಜೋಡಿಸಿಡಿ. ಹೆಸರಿನ ಅಕ್ಷರ ಎಲ್ಲದರಲ್ಲೂ ಒಂದೇ ಥರ ಇದೆಯಾ ಅಂತ ಈಗಲೇ ನೋಡ್ಕೊಳ್ಳಿ.

ಬೇಲೂರು_ಮಾವ
ಪಹಣೀಲಿ ಭಾವನ ಹೆಸರಿನ ಇನಿಷಿಯಲ್ ಬೇರೆ ಇದೆ ಮೇಷ್ಟ್ರೇ. ನಾಳೆನೇ ನಾಡಕಚೇರಿಗೆ ಹೋಗ್ತೀವಿ.